ಗಿಟ್ ವೇಗಕ್ಕೊಂದು ಡೀಮನ್: ಎಫ್‌ಎಸ್‌ಮಾನಿಟರ್‌ನ ಒಳವಿನ್ಯಾಸ

ಡೀಮನ್ ಎಂದರೆ ತೆರೆಯ ಮೇಲೆ ಕಾಣಿಸಿಕೊಳ್ಳದೆ, ಕಂಪ್ಯೂಟರಿನ ಹಿನ್ನೆಲೆಯಲ್ಲಿ ಸದಾ ಓಡುತ್ತಿರುವ ಪ್ರೋಗ್ರಾಂ. ಗಿಟ್‌ನಂಥ ವರ್ಷನ್ ಕಂಟ್ರೋಲ್ ವ್ಯವಸ್ಥೆಗಳು ಮೂಲತಃ ಇದಕ್ಕೆ ತದ್ವಿರುದ್ಧ ಸ್ವಭಾವದವು. ಕಮಾಂಡ್ ಕೊಟ್ಟಾಗ ಏಳುತ್ತವೆ, ಕೆಲಸ ಮುಗಿಸುತ್ತವೆ, ತಿಳಿದದ್ದನ್ನೆಲ್ಲ ಮರೆತು ಹೋಗುತ್ತವೆ. ಮರುಕ್ಷಣ ಅದೇ ಕಮಾಂಡ್ ಕೊಟ್ಟರೂ ಮೊದಲಿನಿಂದ ಶುರು. ಸಾವಿರ ಫೈಲುಗಳ ಪ್ರಾಜೆಕ್ಟಿನಲ್ಲಿ ಈ ಮರೆವು ಯಾರಿಗೂ ತೊಂದರೆ ಕೊಡುವುದಿಲ್ಲ. ಫೈಲುಗಳು ಲಕ್ಷಗಳ ಲೆಕ್ಕಕ್ಕೆ ಬೆಳೆದಾಗ ಮಾತ್ರ, ಕಮಾಂಡುಗಳ ನಡುವಿನ ಹೊತ್ತಿನಲ್ಲಿ ನಡೆದದ್ದನ್ನು ನೆನಪಿಟ್ಟುಕೊಳ್ಳುವವರೊಬ್ಬರು ಬೇಕಾಗುತ್ತಾರೆ. 2022ರ ಜೂನ್‌ನಲ್ಲಿ ಬಂದ ಗಿಟ್ 2.37ರ ಜೊತೆಗೇ ಸೇರಿಕೊಂಡ ಎಫ್‌ಎಸ್‌ಮಾನಿಟರ್ ಡೀಮನ್ ಆ ಕೆಲಸಕ್ಕಾಗಿ ಹುಟ್ಟಿದ್ದು.

ಸ್ಟೇಟಸ್ ಏಕೆ ತಡವಾಗುತ್ತದೆ

‘ಗಿಟ್ ಸ್ಟೇಟಸ್’ ಕಮಾಂಡ್ ಎರಡು ಪ್ರಶ್ನೆಗಳಿಗೆ ಉತ್ತರ ಹುಡುಕುತ್ತದೆ. ಗಿಟ್‌ಗೆ ಗೊತ್ತಿರುವ ಫೈಲುಗಳಲ್ಲಿ ಯಾವುವು ಬದಲಾಗಿವೆ? ಗಿಟ್‌ಗೆ ಗೊತ್ತಿಲ್ಲದ ಹೊಸ ಫೈಲುಗಳು ಎಲ್ಲಾದರೂ ಬಂದು ಕೂತಿವೆಯೇ?

ಮೊದಲ ಪ್ರಶ್ನೆಗೆ ಗಿಟ್ ಬಳಿ ‘ಇಂಡೆಕ್ಸ್’ ಎಂಬ ಫೈಲಿದೆ. ಪ್ರತಿ ಫೈಲಿನ ಗಾತ್ರ, ಕೊನೆಗೆ ತಿದ್ದಿದ ಸಮಯ, ಐನೋಡ್ ಸಂಖ್ಯೆ, ಒಳಗಿನ ವಿಷಯದ ಹ್ಯಾಶ್ ಎಲ್ಲವೂ ಅದರಲ್ಲಿ ದಾಖಲಾಗಿರುತ್ತವೆ. ಫೈಲನ್ನು ತೆರೆದು ಓದುವ ಬದಲು, ಅದರ ಗಾತ್ರ ಮತ್ತು ಸಮಯವನ್ನಷ್ಟೇ ಆಪರೇಟಿಂಗ್ ಸಿಸ್ಟಂನಿಂದ ಕೇಳಿ ತಿಳಿದು ಇಂಡೆಕ್ಸ್‌ನೊಂದಿಗೆ ಹೋಲಿಸಿದರೆ ಸಾಕು. ಒಂದೊಂದು ಹೋಲಿಕೆ ಬಲು ಅಗ್ಗ. ಆದರೆ ಹತ್ತು ಲಕ್ಷ ಫೈಲುಗಳಿದ್ದರೆ ಹತ್ತು ಲಕ್ಷ ಸಲ ಕೇಳಬೇಕು. ಎರಡನೆಯ ಪ್ರಶ್ನೆಗೆ ಇಷ್ಟು ಸವಲತ್ತೂ ಇಲ್ಲ. ಪ್ರತಿ ಡೈರೆಕ್ಟರಿಯನ್ನೂ ತೆರೆದು, ಒಳಗಿರುವ ಹೆಸರುಗಳನ್ನೆಲ್ಲ ಓದಿ, ಕಡೆಗಣಿಸಬೇಕಾದವುಗಳ ಪಟ್ಟಿಯೊಂದಿಗೆ ತಾಳೆ ನೋಡಬೇಕು.

2012ರಲ್ಲಿ ಫೇಸ್‌ಬುಕ್‌ನ ಎಂಜಿನಿಯರ್ ಒಬ್ಬರು ಈ ಭಾರವನ್ನು ಅಳೆಯಲು 13 ಲಕ್ಷ ಫೈಲುಗಳು, 40 ಲಕ್ಷ ಕಮಿಟ್‌ಗಳಿರುವ ಕೃತಕ ರೆಪಾಸಿಟರಿಯೊಂದನ್ನು ಕಟ್ಟಿದರು. ಅದರ ಇಂಡೆಕ್ಸ್ ಫೈಲೊಂದೇ 191 ಎಂಬಿ. ಡಿಸ್ಕಿನ ಮಾಹಿತಿ ಮೆಮೊರಿಯಲ್ಲಿ ಇಲ್ಲದಿದ್ದಾಗ ಸ್ಟೇಟಸ್‌ಗೆ 39 ನಿಮಿಷ ಹಿಡಿಯಿತು. ಇದ್ದಾಗಲೂ 24 ಸೆಕೆಂಡ್. ಐದು ವರ್ಷಗಳ ಬಳಿಕ ಮೈಕ್ರೋಸಾಫ್ಟ್ ತನ್ನ ವಿಂಡೋಸ್ ಕೋಡನ್ನು ಗಿಟ್‌ಗೆ ತಂದಾಗ ಫೈಲುಗಳು ಸುಮಾರು 35 ಲಕ್ಷ, ಗಾತ್ರ ಸುಮಾರು 300 ಜಿಬಿ. ಯಾವ ಚಿಕಿತ್ಸೆಯೂ ಇಲ್ಲದ ಗಿಟ್‌ನಲ್ಲಿ ಸ್ಟೇಟಸ್‌ಗೆ ಹತ್ತು ನಿಮಿಷ. ದಿನಕ್ಕೊಮ್ಮೆಯಾದರೆ ಇದನ್ನೂ ಸಹಿಸಬಹುದಿತ್ತೇನೋ. ಆದರೆ ಕಮಿಟ್, ಆ್ಯಡ್, ಚೆಕ್‌ಔಟ್ ಎಲ್ಲವೂ ಒಳಗೊಳಗೇ ಇದೇ ತಪಾಸಣೆ ಮಾಡುತ್ತವೆ. ಈಗಿನ ಕೋಡ್ ಎಡಿಟರುಗಳಂತೂ ನಾವು ಕೇಳದಿದ್ದರೂ ಸ್ಟೇಟಸ್ ಓಡಿಸುತ್ತಲೇ ಇರುತ್ತವೆ.

ಹತ್ತು ಲಕ್ಷ ಫೈಲುಗಳಲ್ಲಿ ಪ್ರೋಗ್ರಾಮರ್ ಬೆಳಗಿನಿಂದ ಮುಟ್ಟಿದ್ದು ಮೂರೋ ನಾಲ್ಕೋ ಇರಬಹುದು. ಉಳಿದವುಗಳನ್ನು ಮುಟ್ಟಿಲ್ಲ ಎಂದು ಖಚಿತಪಡಿಸಿಕೊಳ್ಳುವುದರಲ್ಲೇ ಸಮಯವೆಲ್ಲ ಹೋಗುತ್ತದೆ.

ಡೀಮನ್ ಇಲ್ಲದೆಯೇ ಸಾಧಿಸಿದ್ದು

ಹಿನ್ನೆಲೆ ಪ್ರೋಗ್ರಾಂ ಎಂದರೆ ಗಿಟ್ ಬಳಗಕ್ಕೆ ಮೊದಲಿನಿಂದಲೂ ಹಿಂಜರಿಕೆ. ಹಾಗಾಗಿ ಬೇರೆ ದಾರಿಗಳನ್ನೆಲ್ಲ ಮೊದಲು ಹುಡುಕಿದ್ದಾಯಿತು. ತಪಾಸಣೆಯನ್ನು ಹಲವು ಥ್ರೆಡ್‌ಗಳಿಗೆ ಹಂಚಿದರು. 2014ರ ಗಿಟ್ 2.1ರಲ್ಲಿ ಇಂಡೆಕ್ಸನ್ನು ದೊಡ್ಡದೊಂದು ಸ್ಥಿರ ಭಾಗ, ಚಿಕ್ಕದೊಂದು ಬದಲಾಗುವ ಭಾಗ ಎಂದು ಸೀಳಿ, ಸಣ್ಣ ಬದಲಾವಣೆಗೂ ಇಡೀ ಫೈಲನ್ನು ಮತ್ತೆ ಬರೆಯುವುದನ್ನು ತಪ್ಪಿಸಿದರು. 2015ರ 2.5ರಲ್ಲಿ ಹೊಸ ಫೈಲುಗಳ ಹುಡುಕಾಟಕ್ಕೊಂದು ಕ್ಯಾಶ್ ಬಂತು. ಡೈರೆಕ್ಟರಿಯೊಳಗೆ ಫೈಲ್ ಸೇರಿದರೂ ಅಳಿದರೂ ಆ ಡೈರೆಕ್ಟರಿಯ ಸಮಯ ಬದಲಾಗುತ್ತದೆ. ಬದಲಾಗಿಲ್ಲವೆಂದರೆ ಹಳೆಯ ಪಟ್ಟಿಯನ್ನೇ ನಂಬಬಹುದು. ಎಲ್ಲ ಫೈಲ್ ಸಿಸ್ಟಂಗಳೂ ಈ ನಿಯಮ ಪಾಲಿಸುತ್ತವೆ ಎಂಬ ಭರವಸೆ ಇಲ್ಲದ್ದರಿಂದ, ಅದನ್ನು ಪರೀಕ್ಷಿಸಿ ನೋಡುವ ಕಮಾಂಡನ್ನೂ ಜೊತೆಗೇ ಕೊಟ್ಟರು.

ಇವುಗಳಿಂದ ಕಾಯುವ ಹೊತ್ತು ಕಡಿಮೆಯಾಯಿತೇ ಹೊರತು ಲೆಕ್ಕ ಬದಲಾಗಲಿಲ್ಲ. ಕೆಲಸ ಇನ್ನೂ ರೆಪಾಸಿಟರಿಯ ಗಾತ್ರಕ್ಕೆ ತಕ್ಕಂತೆಯೇ ಬೆಳೆಯುತ್ತಿತ್ತು. ಆ ಕೆಲಸ ನಾವು ಮಾಡಿದ ಬದಲಾವಣೆಯ ಗಾತ್ರಕ್ಕೆ ತಕ್ಕಂತೆ ಮಾತ್ರ ಬೆಳೆಯಬೇಕಾದರೆ, ಬದಲಾವಣೆ ಆಗುವಾಗಲೇ ನೋಡಿ ಗುರುತು ಹಾಕಿಕೊಳ್ಳುವವರು ಬೇಕು.

ಏನನ್ನು ನೆನಪಿಡಬೇಕು

ಡೀಮನ್ ಕಟ್ಟಲು ಕೂತವರ ಮುಂದೆ ಬರುವ ಮೊದಲ ಆಯ್ಕೆ, ಏನನ್ನು ನೆನಪಿಡಬೇಕು ಎಂಬುದೇ; ಮುಂದಿನ ತೊಡಕುಗಳೆಲ್ಲ ಹುಟ್ಟುವುದೂ ಇಲ್ಲಿಂದಲೇ.

ಒಂದು ದಾರಿ, ಸಿದ್ಧ ಉತ್ತರವನ್ನೇ ಇಟ್ಟುಕೊಳ್ಳುವುದು. ವಿಂಡೋಸ್‌ನಲ್ಲಿ ಸಬ್‌ವರ್ಷನ್ ಬಳಸಿದವರಿಗೆ ಟಾರ್ಟಾಯ್ಸ್‌ಎಸ್‌ವಿಎನ್ ನೆನಪಿರುತ್ತದೆ. ಫೋಲ್ಡರುಗಳ ಮೇಲೆ ಹಸಿರು, ಕೆಂಪು ಗುರುತುಗಳನ್ನು ತೋರಿಸಲು ಅದು ಟಿಎಸ್‌ವಿಎನ್‌ಕ್ಯಾಶ್ ಎಂಬ ಪ್ರತ್ಯೇಕ ಪ್ರೋಗ್ರಾಂ ಓಡಿಸುತ್ತದೆ. ಪ್ರತಿ ಫೋಲ್ಡರಿನ ಸ್ಥಿತಿಯನ್ನು ಮೆಮೊರಿಯಲ್ಲಿಟ್ಟುಕೊಂಡು, ಬದಲಾವಣೆಯ ಸುಳಿವು ಸಿಕ್ಕಾಗ ಹಿನ್ನೆಲೆಯಲ್ಲೇ ಮತ್ತೆ ಲೆಕ್ಕ ಹಾಕುತ್ತದೆ. ಗಿಟ್‌ನಂಥದ್ದೇ ಇನ್ನೊಂದು ವ್ಯವಸ್ಥೆಯಾದ ಮರ್ಕ್ಯುರಿಯಲ್‌ನೊಂದಿಗೆ ಒಂದು ಕಾಲಕ್ಕೆ ಬರುತ್ತಿದ್ದ, ಲಿನಕ್ಸ್‌ಗೆಂದೇ ಬರೆದ ‘ಐನೋಟಿಫೈ’ ಎಕ್ಸ್‌ಟೆನ್ಷನ್ ಕೂಡ ಇದೇ ಜಾಡಿನದು. ದೋಷಗಳ ಕಾಟಕ್ಕೆ ಅದನ್ನು ಕೊನೆಗೆ ಕೈಬಿಡಬೇಕಾಯಿತು. ಗಿಟ್‌ನಲ್ಲೂ 2016ರ ಹೊತ್ತಿಗೆ ‘ಇಂಡೆಕ್ಸ್ ಹೆಲ್ಪರ್’ ಎಂಬ ಯೋಜನೆ ಇತ್ತು. ಓದಿ, ಚೆಕ್‌ಸಮ್ ಪರೀಕ್ಷಿಸಿದ ಇಂಡೆಕ್ಸನ್ನು ಹಂಚಿಕೆಯ ಮೆಮೊರಿಯಲ್ಲಿ ಇಟ್ಟು, ಪ್ರತಿ ಕಮಾಂಡಿಗೂ ಸಿದ್ಧವಾಗಿ ಕೊಡುವುದು ಅದರ ಉದ್ದೇಶ. ಹಲವು ಸುತ್ತಿನ ಚರ್ಚೆಯ ನಂತರವೂ ಅದು ಗಿಟ್‌ನೊಳಗೆ ಸೇರಲಿಲ್ಲ.

ಇನ್ನೊಂದು ದಾರಿ, ಉತ್ತರದ ಗೊಡವೆಗೇ ಹೋಗದೆ ಬದಲಾದ ಫೈಲುಗಳ ಹೆಸರುಗಳನ್ನಷ್ಟೇ ನೆನಪಿಡುವುದು. ಫೇಸ್‌ಬುಕ್‌ನ ವಾಚ್‌ಮನ್ ಹಾಗೂ ಗಿಟ್‌ನ ಎಫ್‌ಎಸ್‌ಮಾನಿಟರ್ ಈ ದಾರಿ ಹಿಡಿದವು. ಇಲ್ಲಿ ಡೀಮನ್‌ಗೆ ಕಮಿಟ್ ಗೊತ್ತಿಲ್ಲ, ಬ್ರಾಂಚ್ ಗೊತ್ತಿಲ್ಲ, ಫೈಲಿನೊಳಗೆ ಏನಿದೆ ಎಂಬುದೂ ಗೊತ್ತಿಲ್ಲ. ‘ಈ ಫೈಲ್ ಬದಲಾಗಿದೆ’ ಎಂದು ಅದು ಎಂದೂ ತೀರ್ಪು ಕೊಡುವುದಿಲ್ಲ. ‘ಇದನ್ನೊಮ್ಮೆ ನೋಡಿ’ ಎಂದಷ್ಟೇ ಹೇಳುತ್ತದೆ. ನೋಡಿ ತೀರ್ಮಾನಿಸುವುದು ಗಿಟ್‌ನ ಪಾಲಿನ ಕೆಲಸ.

ಈ ಸಂಕೋಚದಿಂದ ದೊಡ್ಡ ಲಾಭವಿದೆ. ಡೀಮನ್ ಒಂದು ಹೆಸರನ್ನು ಹೆಚ್ಚಾಗಿ ಹೇಳಿದರೆ ಗಿಟ್‌ಗೆ ಒಂದು ಫೈಲನ್ನು ಸುಮ್ಮನೆ ನೋಡಿದ ದಂಡ, ಅಷ್ಟೇ. ಒಂದು ಹೆಸರನ್ನು ಬಿಟ್ಟರೆ ಮಾತ್ರ ಅನಾಹುತ: ತಿದ್ದಿದ ಫೈಲ್ ಕಮಿಟ್‌ಗೆ ಸೇರದೆ ಉಳಿಯುತ್ತದೆ, ಅದು ತಿಳಿಯುವ ಹೊತ್ತಿಗೆ ತಡವಾಗಿರುತ್ತದೆ. ತಪ್ಪುವುದಾದರೆ ಹೆಚ್ಚು ಹೇಳಿ ತಪ್ಪಬೇಕು, ಕಡಿಮೆ ಹೇಳಿ ಅಲ್ಲ. ಎಫ್‌ಎಸ್‌ಮಾನಿಟರ್‌ನ ಮಿಕ್ಕ ನಿರ್ಧಾರಗಳೆಲ್ಲ ಈ ಒಂದು ನಿಯಮದಿಂದ ಬಂದವು.

ಟೋಕನ್ ಎಂಬ ಒಪ್ಪಂದ

ಗಿಟ್ ಮತ್ತು ವಾಚ್‌ಮನ್ ನಡುವಿನ ನಂಟು ಮೊದಲು ಬೆಸೆದದ್ದು 2018ರ ಜನವರಿಯ ಗಿಟ್ 2.16ರಲ್ಲಿ, ಮೈಕ್ರೋಸಾಫ್ಟ್‌ನ ಬೆನ್ ಪಿಯರ್ಟ್ ಅವರ ಕೆಲಸದಿಂದ. ಆಗ ಗಿಟ್ ಕೇಳುತ್ತಿದ್ದುದು ‘ಇಂಥ ಹೊತ್ತಿನಿಂದ ಈಚೆಗೆ ಏನೇನು ಬದಲಾಯಿತು’ ಎಂದು. ಪ್ರಶ್ನೆ ಸರಳವಾಗಿ ಕಂಡರೂ ಗಡಿಯಾರವನ್ನು ನಂಬುವುದರಲ್ಲಿ ಅಪಾಯವಿದೆ. ಗಡಿಯಾರ ಹಿಂದಕ್ಕೆ ಸರಿಯಬಹುದು. ಫೈಲಿನ ಸಮಯದ ಸೂಕ್ಷ್ಮತೆ ಒಂದೊಂದು ಫೈಲ್ ಸಿಸ್ಟಂನಲ್ಲಿ ಒಂದೊಂದು ಬಗೆ. ಎಲ್ಲಕ್ಕಿಂತ ಮುಖ್ಯವಾಗಿ, ನಡುವೆ ಡೀಮನ್ ಸತ್ತು ಮತ್ತೆ ಹುಟ್ಟಿದ್ದರೆ, ಅದು ಇಲ್ಲದಿದ್ದ ಹೊತ್ತಿನ ಸಂಗತಿಗಳನ್ನು ಅದು ಹೇಳುವುದಾದರೂ ಹೇಗೆ?

2020ರ ಗಿಟ್ 2.26ರಲ್ಲಿ ಸಮಯದ ಜಾಗಕ್ಕೆ ಟೋಕನ್ ಬಂತು. ಡೀಮನ್ ಕೊಡುವ ಪ್ರತಿ ಉತ್ತರದ ಜೊತೆಗೂ ಒಂದು ಟೋಕನ್ ಇರುತ್ತದೆ; ಗಿಟ್ ಅದನ್ನು ಇಂಡೆಕ್ಸ್‌ನಲ್ಲಿ ಬರೆದಿಟ್ಟುಕೊಂಡು ಮುಂದಿನ ಸಲ ಹಾಗೆಯೇ ಹಿಂದಿರುಗಿಸುತ್ತದೆ. ಅದರೊಳಗೆ ಏನಿದೆ ಎಂಬುದು ಗಿಟ್‌ಗೆ ಬೇಡದ ವಿಷಯ. ಗಿಟ್‌ನದೇ ಡೀಮನ್ ಬಂದಾಗ ಅದು ಟೋಕನ್‌ನಲ್ಲಿ ಎರಡು ಸಂಗತಿ ಇಟ್ಟಿತು: ಈ ಬಾರಿಯ ತನ್ನ ಓಟಕ್ಕೊಂದು ಗುರುತು, ತಾನು ಕಂಡ ಘಟನೆಗಳಿಗೊಂದು ಏರುವ ಸಂಖ್ಯೆ.

ಗಿಟ್ ತಂದ ಟೋಕನ್‌ನ ಗುರುತು ಹೊಂದಿದರೆ ಆ ಸಂಖ್ಯೆಯಿಂದ ಈಚೆಗಿನ ಹೆಸರುಗಳನ್ನು ಡೀಮನ್ ಒಪ್ಪಿಸುತ್ತದೆ. ಹೊಂದದಿದ್ದರೆ, ಅಂದರೆ ಟೋಕನ್ ಕೊಟ್ಟದ್ದು ಹಿಂದಿನ ಜನ್ಮದ ಡೀಮನ್ ಆಗಿದ್ದರೆ, ಉತ್ತರದಲ್ಲಿ ಒಂದೇ ಒಂದು ಓರೆಗೆರೆ ಇರುತ್ತದೆ. ‘ನನಗೆ ಗೊತ್ತಿಲ್ಲ, ಎಲ್ಲವನ್ನೂ ನೀನೇ ನೋಡಿಕೋ’ ಎಂದು ಅದರ ಅರ್ಥ. ಗಿಟ್ ಆಗ ಹಳೆಯ ಪದ್ಧತಿಯಂತೆ ಎಲ್ಲ ಫೈಲುಗಳನ್ನೂ ತಡಕುತ್ತದೆ. ಒಂದು ಸಲ ನಿಧಾನವಾಗುತ್ತದೆ, ಆದರೆ ಉತ್ತರ ಸರಿಯಿರುತ್ತದೆ. ಡೀಮನ್‌ನ ಇಡೀ ವಿನ್ಯಾಸದಲ್ಲಿ ನನಗೆ ಅತ್ಯಂತ ಮೆಚ್ಚುಗೆಯಾದದ್ದು ಈ ಓರೆಗೆರೆ. ತಿಳಿಯದ್ದನ್ನು ತಿಳಿಯದೆಂದು ಹೇಳಲು ಒಂದು ಅಧಿಕೃತ ದಾರಿ ಇಲ್ಲದ ಕ್ಯಾಶ್, ಇವತ್ತಲ್ಲ ನಾಳೆ ಸುಳ್ಳು ಹೇಳಿಯೇ ಹೇಳುತ್ತದೆ.

ತಡವಾಗಿ ಬರುವ ಸುದ್ದಿ

ಎಡಿಟರ್‌ನಲ್ಲಿ ಫೈಲ್ ಸೇವ್ ಮಾಡಿ, ತಕ್ಷಣ ಸ್ಟೇಟಸ್ ಕೇಳಿದಿರಿ. ಬದಲಾವಣೆಯ ಸುದ್ದಿ ಆಪರೇಟಿಂಗ್ ಸಿಸ್ಟಂನ ತಿರುಳಾದ ಕರ್ನಲ್‌ನಿಂದ ಹೊರಟಿದೆ, ಡೀಮನ್‌ಗೆ ಇನ್ನೂ ತಲುಪಿಲ್ಲ. ಈಗ ಅದು ‘ಏನೂ ಬದಲಾಗಿಲ್ಲ’ ಎಂದರೆ ತನಗೆ ತಿಳಿದ ಮಟ್ಟಿಗೆ ಪ್ರಾಮಾಣಿಕವಾಗಿದ್ದೂ ಉತ್ತರ ತಪ್ಪು.

ಇದಕ್ಕೆ ವಾಚ್‌ಮನ್ ಬಳಸಿದ, ಗಿಟ್‌ನ ಡೀಮನ್ ಕೂಡ ಅಳವಡಿಸಿಕೊಂಡ ಉಪಾಯ ‘ಕುಕೀ ಫೈಲ್’. ಪ್ರಶ್ನೆ ಬಂದೊಡನೆ ಡೀಮನ್ ತಾನೇ ಡಾಟ್‌ಗಿಟ್ ಡೈರೆಕ್ಟರಿಯೊಳಗಿನ ಗೊತ್ತಾದ ಜಾಗದಲ್ಲಿ ಒಂದು ಖಾಲಿ ಫೈಲನ್ನು ಸೃಷ್ಟಿಸುತ್ತದೆ, ಅದು ಸೃಷ್ಟಿಯಾದ ಸುದ್ದಿ ಕರ್ನಲ್‌ನಿಂದ ತನಗೇ ಬರುವ ತನಕ ಕಾಯುತ್ತದೆ. ಹೊಳೆಯ ಮೇಲ್ದಂಡೆಯಲ್ಲಿ ಹೂವೊಂದನ್ನು ತೇಲಿಬಿಟ್ಟು ಕೆಳಗಿನ ಕಟ್ಟೆಯಲ್ಲಿ ಕಾದು ಕೂತಂತೆ: ಹೂವು ಬಂತೆಂದರೆ ಅದಕ್ಕಿಂತ ಮೊದಲು ನೀರಿಗೆ ಬಿದ್ದದ್ದೆಲ್ಲ ದಾಟಿ ಹೋಗಿದೆ. ಕುಕೀಯ ಸುದ್ದಿ ಬಂದ ಮೇಲೆಯೇ ಗಿಟ್‌ಗೆ ಉತ್ತರ ಹೋಗುತ್ತದೆ.

ಡಾಟ್‌ಗಿಟ್ ಒಳಗಿನ ಬೇರೆ ಗದ್ದಲವನ್ನು ಡೀಮನ್ ಕಿವಿಗೇ ಹಾಕಿಕೊಳ್ಳುವುದಿಲ್ಲ. ಹಾಕಿಕೊಂಡರೆ ಗಿಟ್ ತಾನೇ ಬರೆಯುವ ಲಾಕ್, ಇಂಡೆಕ್ಸ್, ಆಬ್ಜೆಕ್ಟ್ ಫೈಲುಗಳ ಸುದ್ದಿಯಲ್ಲೇ ಪಟ್ಟಿ ತುಂಬಿಹೋಗುತ್ತಿತ್ತು.

ಮೂರು ಆಪರೇಟಿಂಗ್ ಸಿಸ್ಟಂ, ಮೂರು ಪಾಡು

ಬದಲಾವಣೆಯ ಸುದ್ದಿ ಕೊಡುವ ವ್ಯವಸ್ಥೆ ಎಲ್ಲ ಕಡೆಯೂ ಇದೆ, ಆದರೆ ಯಾವುದೂ ಇನ್ನೊಂದರ ಹಾಗಿಲ್ಲ. ವಿಂಡೋಸ್‌ನಲ್ಲಿ ಒಂದು ಡೈರೆಕ್ಟರಿಯನ್ನು ತೋರಿಸಿ ‘ಇದರೊಳಗಿನ ಎಲ್ಲ ಮಟ್ಟದ ಬದಲಾವಣೆಗಳನ್ನೂ ಹೇಳು’ ಎನ್ನಬಹುದು. ಸುದ್ದಿಗಳು ಒಂದು ಬಫರ್‌ಗೆ ಬಂದು ಬೀಳುತ್ತವೆ. ಅದು ತುಂಬಿ ಹರಿದರೆ ವಿವರವೆಲ್ಲ ಹೋಗಿ, ಸೊನ್ನೆ ಬೈಟುಗಳ ಉತ್ತರ ಮಾತ್ರ ಸಿಗುತ್ತದೆ. ಮ್ಯಾಕ್‌ನ ಎಫ್‌ಎಸ್‌ಈವೆಂಟ್ಸ್ ಕೂಡ ಇಡೀ ಮರವನ್ನು ನೋಡಿಕೊಳ್ಳುತ್ತದೆ. ಸುದ್ದಿ ತಪ್ಪಿಹೋದಾಗ ‘ಒಳಗಿನ ಡೈರೆಕ್ಟರಿಗಳನ್ನು ನೀನೇ ಹುಡುಕು’ ಎಂಬ ಬಾವುಟ ಎತ್ತುತ್ತದೆ. ಎರಡೂ ಸಂದರ್ಭದಲ್ಲಿ ಡೀಮನ್ ಮಾಡುವುದು ಒಂದೇ. ಇದ್ದ ಪಟ್ಟಿಯನ್ನು ಚೆಲ್ಲಿ, ತನ್ನ ಗುರುತನ್ನು ಹೊಸದಾಗಿಸಿಕೊಳ್ಳುತ್ತದೆ. ಹಳೆಯ ಟೋಕನ್‌ಗಳೆಲ್ಲ ಆ ಕ್ಷಣಕ್ಕೆ ಅಮಾನ್ಯವಾಗಿ, ಮುಂದಿನ ಕಮಾಂಡಿಗೆ ಓರೆಗೆರೆಯ ಉತ್ತರ ಸಿಗುತ್ತದೆ.

ಲಿನಕ್ಸ್‌ನ ಪಾಡು ಬೇರೆ. ಅಲ್ಲಿನ ಕರ್ನಲ್ ಕೊಡುವ ಐನೋಟಿಫೈ ಒಂದು ಮರವನ್ನು ನೋಡಿಕೊಳ್ಳುವುದಿಲ್ಲ, ಒಂದೊಂದೇ ಡೈರೆಕ್ಟರಿಯನ್ನು ನೋಡಿಕೊಳ್ಳುತ್ತದೆ. ಐವತ್ತು ಸಾವಿರ ಡೈರೆಕ್ಟರಿಗಳಿದ್ದರೆ ಐವತ್ತು ಸಾವಿರ ‘ವಾಚ್’ಗಳು ಬೇಕು. ಬಹುಕಾಲ ಒಬ್ಬ ಬಳಕೆದಾರರಿಗೆ ಸಿಗುತ್ತಿದ್ದ ಪೂರ್ವನಿಗದಿತ ಮಿತಿ ಕೇವಲ 8192. ಕರ್ನಲ್ 5.11ರಿಂದ ಈ ಮಿತಿ ಯಂತ್ರದ ಮೆಮೊರಿಗೆ ತಕ್ಕಂತೆ ಏರುತ್ತದೆ. ಇದಕ್ಕಿಂತ ಮೋಸದ ತೊಡಕು ಇನ್ನೊಂದಿದೆ. ಹೊಸ ಡೈರೆಕ್ಟರಿ ಹುಟ್ಟಿದ ಸುದ್ದಿ ಬಂದು, ಡೀಮನ್ ಅದರ ಮೇಲೆ ವಾಚ್ ಇಡುವಷ್ಟರಲ್ಲಿ ಅದರೊಳಗೆ ಫೈಲುಗಳು ಹುಟ್ಟಿಬಿಟ್ಟಿರಬಹುದು. ಆ ಫೈಲುಗಳ ಸುದ್ದಿ ಎಂದಿಗೂ ಬರುವುದಿಲ್ಲ. ಹಾಗಾಗಿ ವಾಚ್ ಇಟ್ಟ ಮೇಲೆ ಡೈರೆಕ್ಟರಿಯನ್ನು ಮತ್ತೊಮ್ಮೆ ತಾನೇ ಓದಿ ನೋಡಲೇಬೇಕು. ಐನೋಟಿಫೈ ಕೂಡ ಸರತಿ ತುಂಬಿದಾಗ ಸುದ್ದಿ ಚೆಲ್ಲುತ್ತದೆ, ಚೆಲ್ಲಿದೆ ಎಂದು ಮಾತ್ರ ಹೇಳುತ್ತದೆ. 2022ರಲ್ಲಿ ಗಿಟ್‌ನ ಡೀಮನ್ ಮೊದಲು ವಿಂಡೋಸ್ ಮತ್ತು ಮ್ಯಾಕ್‌ಗಷ್ಟೇ ಬಂದದ್ದು ಈ ಹಿನ್ನೆಲೆಯಲ್ಲಿ. ಲಿನಕ್ಸ್ ಕರ್ನಲ್‌ಗಾಗಿಯೇ ಹುಟ್ಟಿದ ಸಾಧನ ಲಿನಕ್ಸನ್ನೇ ಸರತಿಯ ಕೊನೆಗೆ ನಿಲ್ಲಿಸಿತು.

ಹೆಸರುಗಳ ಗೋಜಲೂ ಸಣ್ಣದಲ್ಲ. ಮ್ಯಾಕ್ ಮತ್ತು ವಿಂಡೋಸ್‌ನಲ್ಲಿ ದೊಡ್ಡಕ್ಷರ ಸಣ್ಣಕ್ಷರದ ಭೇದ ಸಾಮಾನ್ಯವಾಗಿ ಲೆಕ್ಕಕ್ಕಿಲ್ಲ. ವಿಂಡೋಸ್ ಉದ್ದನೆಯ ಹೆಸರಿಗೆ ಡಾಸ್ ಕಾಲದ ಎಂಟು-ಮೂರು ಅಕ್ಷರದ ಚಿಕ್ಕ ಹೆಸರನ್ನೂ ಇಟ್ಟಿರಬಹುದು. ಯೂನಿಕೋಡ್‌ನಲ್ಲಿ ಒಂದೇ ಹೆಸರನ್ನು ಎರಡು ಬಗೆಯಲ್ಲಿ ಬರೆಯಬಹುದು. ಸುದ್ದಿಯಲ್ಲಿ ಬಂದ ಹೆಸರೂ ಇಂಡೆಕ್ಸ್‌ನಲ್ಲಿರುವ ಹೆಸರೂ ಒಂದೇ ಎಂದು ಗುರುತಿಸಲಾಗದಿದ್ದರೆ, ಮಿಕ್ಕೆಲ್ಲ ಜಾಣತನ ನೀರುಪಾಲು.

ಹುಟ್ಟು, ಮಾತು, ಸಾವು

2018ರ ವ್ಯವಸ್ಥೆಯಲ್ಲಿ ಪ್ರತಿ ಸ್ಟೇಟಸ್‌ಗೂ ಒಂದು ಹುಕ್, ಅಂದರೆ ಗಿಟ್ ಕರೆಯುವ ಹೊರಗಿನ ಪ್ರೋಗ್ರಾಂ, ಓಡಬೇಕಿತ್ತು. ಗಿಟ್ ಜೊತೆಗೆ ಬರುವ ಮಾದರಿ ಹುಕ್ ಪರ್ಲ್‌ನಲ್ಲಿತ್ತು. ಪರ್ಲ್ ಎದ್ದು, ವಾಚ್‌ಮನ್‌ನನ್ನು ಮಾತಾಡಿಸಿ, ಉತ್ತರವನ್ನು ತಿರುಗಿಸಿ ಕೊಡುವುದಕ್ಕೂ ಸಮಯ ಬೇಕು. ಮೈಕ್ರೋಸಾಫ್ಟ್ ಮತ್ತು ಗಿಟ್‌ಹಬ್ ಪರವಾಗಿ ಜೆಫ್ ಹಾಸ್ಟೆಟ್ಲರ್ ಬರೆದ 2.37ರ ಡೀಮನ್ ಗಿಟ್‌ನ ಒಳಗೇ ಇದ್ದು ನೇರವಾಗಿ ಮಾತಾಡುತ್ತದೆ: ವಿಂಡೋಸ್‌ನಲ್ಲಿ ನೇಮ್ಡ್ ಪೈಪ್, ಮ್ಯಾಕ್‌ನಲ್ಲಿ ಯೂನಿಕ್ಸ್ ಸಾಕೆಟ್. ಕಾನ್ಫಿಗರೇಷನ್‌ನಲ್ಲಿ ‘ಕೋರ್.ಎಫ್‌ಎಸ್‌ಮಾನಿಟರ್’ ಅನ್ನು ಟ್ರೂ ಮಾಡಿದರೆ ಮುಗಿಯಿತು, ಮೊದಲ ಕಮಾಂಡೇ ಅದನ್ನು ಎಬ್ಬಿಸುತ್ತದೆ.

ಯೂನಿಕ್ಸ್ ಸಾಕೆಟ್ ಬಳಸುವವರನ್ನು ಕಾಡುವ ಪುಟ್ಟ ವಿವರವೊಂದಿದೆ. ಸಾಕೆಟ್ ಫೈಲಿನ ಪೂರ್ಣ ಹಾದಿ ಲಿನಕ್ಸ್‌ನಲ್ಲಿ 108 ಬೈಟು, ಮ್ಯಾಕ್‌ನಲ್ಲಿ 104 ಬೈಟಿನೊಳಗೆ ಮುಗಿಯಬೇಕು. ಆಳವಾದ ಫೋಲ್ಡರಿನಲ್ಲಿರುವ ರೆಪಾಸಿಟರಿ ಸುಲಭವಾಗಿ ಇದನ್ನು ಮೀರುತ್ತದೆ. ನೆಟ್‌ವರ್ಕ್ ಡ್ರೈವ್‌ಗಳು ಇನ್ನೊಂದು ತಲೆನೋವು: ಬೇರೆ ಯಂತ್ರದಲ್ಲಿ ಯಾರೋ ಮಾಡಿದ ಬದಲಾವಣೆಯ ಸುದ್ದಿ ಇಲ್ಲಿಗೆ ಬಂದೇ ಬರುತ್ತದೆ ಎನ್ನುವಂತಿಲ್ಲ. ಆದ್ದರಿಂದ ಅಂಥ ಕಡೆ ಡೀಮನ್ ತಾನಾಗಿ ಓಡಲು ಒಪ್ಪುವುದೇ ಇಲ್ಲ. ಬೇಕೇ ಬೇಕೆನ್ನುವವರು ಪ್ರತ್ಯೇಕವಾಗಿ ಅನುಮತಿ ಕೊಡಬೇಕು.

ಸಾಯುವುದನ್ನೂ ಯೋಚಿಸಿಯೇ ಬರೆದಿದ್ದಾರೆ. ಡೀಮನ್ ಯಾವ ಡೈರೆಕ್ಟರಿಯಲ್ಲಿ ನಿಂತು ಓಡುತ್ತಿದೆಯೋ ಅದನ್ನು ವಿಂಡೋಸ್ ಅಳಿಸಲು ಬಿಡುವುದಿಲ್ಲ. ರೆಪಾಸಿಟರಿಯನ್ನು ಅಳಿಸಲು ಹೋದವರಿಗೆ, ಕಣ್ಣಿಗೆ ಕಾಣದ ಯಾವುದೋ ಪ್ರೋಗ್ರಾಂ ಅದನ್ನು ಹಿಡಿದುಕೊಂಡಿದೆ ಎಂಬ ಸಂದೇಶ ಬಂದರೆ ಎಷ್ಟು ಕಿರಿಕಿರಿ! ಹಾಗಾಗಿ ಡೀಮನ್ ಶುರುವಾದ ಮೇಲೆ ರೆಪಾಸಿಟರಿಯಿಂದ ಹೊರಗೆ ಕಾಲಿಡುತ್ತದೆ. ರೆಪಾಸಿಟರಿ ಅಳಿದುಹೋದರೆ ತಾನೂ ನಿಲ್ಲುತ್ತದೆ.

ಮರ್ಕ್ಯುರಿಯಲ್‌ಗೆ ಫೈಲುಗಳ ತಪಾಸಣೆಯ ಜೊತೆ ಇನ್ನೊಂದು ಹೊರೆಯೂ ಇತ್ತು. ಅದು ಪೈಥಾನ್‌ನಲ್ಲಿ ಬರೆದದ್ದರಿಂದ ಪ್ರತಿ ಕಮಾಂಡಿಗೂ ಪೈಥಾನ್ ಎದ್ದು ಮೈಮುರಿಯುವವರೆಗೆ ಕಾಯಬೇಕು. ಅದನ್ನು ನೀಗಲು ‘ಸಿಎಚ್‌ಜಿ’ ಎಂಬ ಪುಟ್ಟ ಸಿ ಪ್ರೋಗ್ರಾಂ, ಮಾಡ್ಯೂಲುಗಳನ್ನೆಲ್ಲ ಮೊದಲೇ ತುಂಬಿಕೊಂಡು ಕೂತ ಸರ್ವರ್ ಒಂದಕ್ಕೆ ಕೆಲಸ ಒಪ್ಪಿಸುತ್ತದೆ. ಒಂದು ಗಂಟೆ ಯಾರೂ ಕರೆಯದಿದ್ದರೆ ಆ ಸರ್ವರ್ ತಾನೇ ನಿಲ್ಲುತ್ತದೆ. ಫೈಲುಗಳ ತಪಾಸಣೆಗೆ ಫೇಸ್‌ಬುಕ್ ಮರ್ಕ್ಯುರಿಯಲ್‌ಗೂ ವಾಚ್‌ಮನ್ ಜೋಡಿಸಿತ್ತು. ತನ್ನ ರೆಪಾಸಿಟರಿಯಲ್ಲಿ ಅದರ ಸ್ಟೇಟಸ್ ಗಿಟ್‌ನದಕ್ಕಿಂತ ಐದು ಪಟ್ಟಿಗೂ ಹೆಚ್ಚು ವೇಗವಾಯಿತೆಂದು ಕಂಪನಿ 2014ರಲ್ಲಿ ಹೇಳಿತು.

ಭದ್ರತೆಯ ಕಡೆಯಿಂದ

‘ಕೋರ್.ಎಫ್‌ಎಸ್‌ಮಾನಿಟರ್’ ಜಾಗದಲ್ಲಿ ಟ್ರೂ ಬದಲು ಒಂದು ಪ್ರೋಗ್ರಾಂನ ಹೆಸರನ್ನೂ ಬರೆಯಬಹುದು. ಸ್ಟೇಟಸ್ ಓಡಿಸಿದಾಗ ಗಿಟ್ ಆ ಪ್ರೋಗ್ರಾಂ ಓಡಿಸುತ್ತದೆ. ಹಲವರು ಹಂಚಿಕೊಳ್ಳುವ ಯಂತ್ರದಲ್ಲಿ ಇದು ಸುರಂಗವಾಯಿತು. ಯಾರೋ ಮೇಲಿನ ಡೈರೆಕ್ಟರಿಯಲ್ಲಿ ಕಳ್ಳ ಕಾನ್ಫಿಗರೇಷನ್ ಇಟ್ಟಿದ್ದರೆ, ಅದರ ಕೆಳಗೆಲ್ಲಾದರೂ ನೀವು ಸ್ಟೇಟಸ್ ಕೇಳಿದರೆ ಸಾಕು, ಅವರ ಪ್ರೋಗ್ರಾಂ ನಿಮ್ಮ ಹೆಸರಿನಲ್ಲಿ ಓಡುತ್ತದೆ. 2022ರ ಏಪ್ರಿಲ್‌ನಲ್ಲಿ ಬಂದ ಗಿಟ್ 2.35.2, ಬೇರೆಯವರ ಒಡೆತನದ ರೆಪಾಸಿಟರಿಯನ್ನು ನೀವು ‘ಸೇಫ್ ಡೈರೆಕ್ಟರಿ’ ಎಂದು ಒಪ್ಪದ ಹೊರತು ಮುಟ್ಟದಂತೆ ಮಾಡಿತು. ಒಳಗಿನ ಡೀಮನ್‌ಗೆ ಹೊರಗಿನ ಪ್ರೋಗ್ರಾಂ ಬೇಕಿಲ್ಲ ಎಂಬುದು ಈ ದೃಷ್ಟಿಯಿಂದಲೂ ಅನುಕೂಲವೇ.

ಫೈಲ್ ಸಿಸ್ಟಂ ತಾನೇ ಡೀಮನ್ ಆದಾಗ

ಚಿಕ್ಕ ಪ್ರಾಜೆಕ್ಟುಗಳಿಗೆ ಇದಾವುದೂ ಬೇಡ. ಕೆಲವು ಸಾವಿರ ಫೈಲುಗಳನ್ನು ಗಿಟ್ ಕಣ್ಣು ಮಿಟುಕಿಸುವುದರೊಳಗೆ ನೋಡಿ ಮುಗಿಸುತ್ತದೆ; ಅಲ್ಲಿ ಡೀಮನ್‌ನ ಕುಕೀಗಾಗಿ ಕಾಯುವುದೇ ಹೆಚ್ಚಿನ ಕೆಲಸವಾದೀತು. ಲಾಭ ಕಾಣಿಸುವುದು ಫೈಲುಗಳು ಲಕ್ಷ ಮುಟ್ಟುವ ಆಸುಪಾಸಿನಲ್ಲಿ, ಅದರಲ್ಲೂ ಫೈಲ್ ಸಿಸ್ಟಂ ನಿಧಾನವಿರುವ ವಿಂಡೋಸ್‌ನಲ್ಲಿ. ಹೊಸ ಫೈಲುಗಳ ಕ್ಯಾಶನ್ನೂ ಜೊತೆಗೆ ಹಾಕಿಕೊಂಡರೆ ಡೈರೆಕ್ಟರಿಗಳ ಹುಡುಕಾಟವೂ ತಪ್ಪುತ್ತದೆ.

ಇನ್ನೊಂದು ತುದಿಯಲ್ಲಿ, ಸುದ್ದಿಗಾಗಿ ಕಾಯುವುದನ್ನೇ ಬಿಟ್ಟು ಫೈಲ್ ಸಿಸ್ಟಮನ್ನೇ ತಮ್ಮದಾಗಿಸಿಕೊಂಡವರಿದ್ದಾರೆ. 2017ರಲ್ಲಿ ಹೊರಬಂದ ಮೈಕ್ರೋಸಾಫ್ಟ್‌ನ ಜಿವಿಎಫ್‌ಎಸ್, ಫೇಸ್‌ಬುಕ್‌ನ ಈಡನ್‌ಎಫ್‌ಎಸ್ ಎರಡರಲ್ಲೂ ಪ್ರತಿ ಬರವಣಿಗೆ ಇವುಗಳ ಕೈ ದಾಟಿಯೇ ಹೋಗುವುದರಿಂದ ಯಾವ ಫೈಲ್ ಬದಲಾಯಿತೆಂದು ಯಾರನ್ನೂ ಕೇಳಬೇಕಿಲ್ಲ. ಬೆಲೆ ಬೇರೆ ಕಡೆ ತೆರಬೇಕು. ಆಪರೇಟಿಂಗ್ ಸಿಸ್ಟಂನ ಒಳಪದರಕ್ಕೆ ಕೈಹಾಕಬೇಕು, ಆ ಪದರ ಯಾವಾಗ ಬದಲಾಗುತ್ತದೋ ಹೇಳಲಾಗದು. ಮ್ಯಾಕ್‌ನಲ್ಲಿ ಜಿವಿಎಫ್‌ಎಸ್ ನೆಚ್ಚಿಕೊಂಡಿದ್ದ ಬಗೆಯ ಕರ್ನಲ್ ಎಕ್ಸ್‌ಟೆನ್ಷನ್‌ಗಳಿಗೆ ಆ್ಯಪಲ್ 2019ರಲ್ಲಿ ವಿದಾಯ ಹೇಳತೊಡಗಿತು. ಮೈಕ್ರೋಸಾಫ್ಟ್ ಆ ದಾರಿ ಬಿಟ್ಟು, ಇಂಥ ಸ್ವಂತ ಫೈಲ್ ಸಿಸ್ಟಂ ಇಲ್ಲದ ‘ಸ್ಕೇಲಾರ್’ ಎಂಬ ಸಾಧನ ಕಟ್ಟಿತು. ಅದು ಬೇಕಾದ ಡೈರೆಕ್ಟರಿಗಳನ್ನಷ್ಟೇ ತರಿಸಿಕೊಳ್ಳುತ್ತದೆ, ಉಳಿದದ್ದಕ್ಕೆ ಫೈಲುಗಳನ್ನು ಗಮನಿಸುವ ಡೀಮನ್ನನ್ನೇ ನೆಚ್ಚುತ್ತದೆ. 2022ರ ಅಕ್ಟೋಬರ್‌ನ ಗಿಟ್ 2.38ರಿಂದ ಸ್ಕೇಲಾರ್ ಗಿಟ್ ಜೊತೆಗೇ ಬರುತ್ತಿದ್ದು, ‘ಸ್ಕೇಲಾರ್ ಕ್ಲೋನ್’ ಕೊಟ್ಟವರಿಗೆ ಬೆಂಬಲವಿರುವ ಆಪರೇಟಿಂಗ್ ಸಿಸ್ಟಂಗಳಲ್ಲಿ ಎಫ್‌ಎಸ್‌ಮಾನಿಟರ್ ಕೇಳದೆಯೇ ಚಾಲೂ ಆಗಿರುತ್ತದೆ.